ಬೀರಮ್ಮ ಒಪ್ಪಿದಳಂತೆ

ಬೀರಮ್ಮ ಒಪ್ಪಿದಳು ಅಂತ ಆ ಟ್ರಸ್ಟಿನವರು ಕಾಗದದಲ್ಲಿ ಬರೆದುಕೊಂಡಿದ್ದಾರೆ. ಶುದ್ಧ ಸುಳ್ಳು.

ಹೆಗ್ಗಡದೇವನಕೋಟೆಯಲ್ಲಿ ನಾನು ಇಪ್ಪತ್ತೆಂಟು ವರ್ಷ ನರ್ಸ್ ಆಗಿದ್ದೆ. ನಿವೃತ್ತಳಾದರೂ ಬೀರಮ್ಮನಿಗೆ ಈಗಲೂ ಸಿಸ್ಟರೇ. ಅವಳು ಜೇನುಕುರುಬರ ಹೆಂಗಸು. ಹೆರಿಗೆ ನೋವು ಬಂದಾಗ ಕಾಡಂಚಿನ ಹಾಡಿಯಿಂದ ರಸ್ತೆಗೆ ಹೊತ್ತು ತರುವಷ್ಟರಲ್ಲಿ ಚೊಚ್ಚಲ ಮಗುವನ್ನು ಕಳೆದುಕೊಂಡವಳು. ಆಮೇಲೆ ಪಟ್ಟಣಕ್ಕೆ ಬಂದು ಹೋಟೆಲಿನಲ್ಲಿ ಪಾತ್ರೆ ತೊಳೆದಳು. ತನ್ನಂಥ ಐವರನ್ನು ಕೂಡಿಸಿಕೊಂಡು ನಮ್ಮ ಪಕ್ಕದ ಹೆಂಚಿನ ಮನೆಯನ್ನು ಬಾಡಿಗೆಗೆ ಹಿಡಿದಳು. ದಿನ ತುಂಬಿದ ಹಾಡಿಯ ಹೆಣ್ಣುಮಕ್ಕಳು ಹೆರಿಗೆಗೆ ವಾರ ಮೊದಲೇ ಬಂದು ಅಲ್ಲಿರುತ್ತಿದ್ದರು. ಅಲ್ಲಿ ಹೆಸರು ಕೇಳುವವರಿಲ್ಲ, ಕಾಗದ ಕೇಳುವವರಿಲ್ಲ. "ಉಂಡ್ಯಾ?" ಅಂತ ಕೇಳುವುದು, ಅಷ್ಟೆ.

ಮನೆಯ ಒಡೆಯ ಬಾಡಿಗೆಯನ್ನು ಎರಡರಷ್ಟು ಮಾಡಿದ. ಕೊಡದಿದ್ದರೆ ಖಾಲಿ ಮಾಡಿ ಎಂದ. ಅದೇ ಹೊತ್ತಿಗೆ ಬಂತು ಟ್ರಸ್ಟು. ಪಟ್ಟಣದಲ್ಲಿ ಆದಿವಾಸಿಗಳೇ ಮುಂದೆ ನಿಂತು ನಡೆಸುವ ಕೆಲಸಕ್ಕೆ ನೆರವು ಕೊಡುತ್ತಾರಂತೆ! ರಮ್ಯಶ್ರೀ ಎಂಬ ಅಧಿಕಾರಿ ನಮ್ಮಿಬ್ಬರೆದುರು ಚಾಪೆ ಮೇಲೆ ಕೂತು, ಬೆಲ್ಲದಂಥ ದನಿಯಲ್ಲಿ ಷರತ್ತು ಓದಿದಳು. ಬಾಡಿಗೆ ಅವರದು. ಆದರೆ ಮೇಲ್ವಿಚಾರಕನೂ ಅವರವನೇ. ಬಂದವರ ಹೆಸರು ಬರೆಯಬೇಕು, ಆಧಾರ್ ಕಾರ್ಡ್ ಇಲ್ಲದವರನ್ನು ಸೇರಿಸುವಂತಿಲ್ಲ.

"ಕಾರ್ಡ್ ಇಲ್ದೋರೇ ಕಣವ್ವ ಇಲ್ಗೆ ಬರೋದು," ಎಂದಳು ಬೀರಮ್ಮ. "ನೋವು ಬಂದೋಳ್ನ ಕಾರ್ಡ್ ಕೇಳಕಾಯ್ತದಾ?"

"ರೂಲ್ಸ್ ಅಮ್ಮ. ಎಲ್ಲಾ ನಿಮ್ಮ ಒಳ್ಳೇದಕ್ಕೇ."

ಬೀರಮ್ಮ ಮುಖ ತಿರುಗಿಸಿದಳು. "ಆಯ್ತು ಬುಡಿ," ಎಂದು ಎದ್ದು ಹಿತ್ತಿಲಿಗೆ ನಡೆದಳು.

ನಮ್ಮ ಕಡೆ ಬರೀ 'ಆಯ್ತು' ಅಂದರೆ ಒಪ್ಪಿಗೆ. ಮುಖ ತಿರುಗಿಸಿ 'ಆಯ್ತು ಬುಡಿ' ಅಂದರೆ ನಿಮ್ಮ ಮಾತು ಸಾಕು, ಎದ್ದು ಹೋಗಿ ಅಂತ. ನಮ್ಮೂರ ಸಂತೆಯಲ್ಲಿ ಸೊಪ್ಪು ಚೌಕಾಸಿ ಮಾಡಿದವರಿಗೆಲ್ಲ ಇದು ಗೊತ್ತು. ಆ ಮಹಾತಾಯಿ ಮಾತ್ರ ನಗುನಗುತ್ತಾ 'ಒಪ್ಪಿದ್ದಾರೆ' ಎಂದು ಬರೆದುಕೊಂಡಳು.

ಹದಿನೈದು ದಿನದಲ್ಲಿ ಬೋರ್ಡು ಬಂತು, ಬಾಗಿಲಿಗೆ ಬೀಗ ಬಂತು, ಬೀಗದ ಕೈ ಹಿಡಿದ ತೇಜಸ್ ಎಂಬ ಮೇಲ್ವಿಚಾರಕ ಬಂದ. ಬೀರಮ್ಮ ದಿನವೂ ಅವನೊಂದಿಗೆ ಜಗಳವಾಡಿದಳು. ಒಂದು ಮಧ್ಯಾಹ್ನ ಅವಳು ಹೋಟೆಲಿನಲ್ಲಿದ್ದಾಗ ಪುಟ್ಟತಾಯಮ್ಮ ಎಂಬ ತುಂಬು ಬಸುರಿ ಬಂದಳು. ಕಾರ್ಡ್ ಇಲ್ಲ ಎಂದು ತೇಜಸ್ ಅವಳನ್ನು ವಾಪಸ್ ಕಳಿಸಿದ. ಹಾಡಿಗೆ ಹೋಗುವ ಬಸ್ಸಿಗೆ ಕಾಯುತ್ತಾ ಆ ಹುಡುಗಿ ಬಸ್ ಸ್ಟ್ಯಾಂಡಿನ ನೆಲದ ಮೇಲೆ ಹೆತ್ತಳು. ಹೂವು ಮಾರುವವರು ಸೀರೆ ಅಡ್ಡ ಹಿಡಿದರು. ಮಗು ಉಳಿಯಿತು. ಅದು ಯಾವ ಟ್ರಸ್ಟಿನ ಪುಣ್ಯವೂ ಅಲ್ಲ!

ಮರುದಿನ ರಮ್ಯಶ್ರೀ ಬಂದಾಗ ಬೀರಮ್ಮ ಬೀದಿಯಲ್ಲೇ ತಡೆದು ನಿಲ್ಲಿಸಿದಳು.

"ಯಾರವ್ವ ಒಪ್ಪಿದ್ದು? ಎದ್ದೋಗಿ ಅಂದ್ರೆ ಬೀಗ ತಂದಾಕ್ಬುಟ್ರಲ್ಲ! ನಿಮ್ ಮನೆ ಹಾಳಾಗ!"

ರಮ್ಯಶ್ರೀ ಕಾಗದ ಮುಂದೆ ಹಿಡಿದಳು. "ನೀವು ಆಯ್ತು ಅಂದಿದ್ದಕ್ಕೆ ಸಾಕ್ಷಿ ಇದ್ದಾರೆ ಅಮ್ಮ. ಸಹಿ ನೋಡಿ."

ಬೀರಮ್ಮನಿಗೆ ಓದು ಬಾರದು. ಕಾಗದವನ್ನು ಕಿತ್ತುಕೊಂಡು, ನಮ್ಮ ಬಾಗಿಲಲ್ಲಿ ನಿಂತಿದ್ದ ನನ್ನತ್ತ ಚಾಚಿದಳು. "ಯಾವ ಮನೆಹಾಳರ ಸೈನು ಸಿಸ್ಟ್ರೇ ಇದು? ಓದಿ ಹೇಳಿ."

ನಾನು ಓದಲಿಲ್ಲ. ಓದುವ ಅಗತ್ಯ ಇರಲಿಲ್ಲ. ಅಂದು ಅವಳು ಹಿತ್ತಿಲಿಗೆ ಹೋದ ಮೇಲೆ ರಮ್ಯಶ್ರೀ ನನ್ನ ಕೈಗೇ ಪೆನ್ನು ಕೊಟ್ಟಿದ್ದಳು. ಬೀರಮ್ಮನ ಮಾತಿನ ಅರ್ಥ ನನಗೆ ಚೆನ್ನಾಗಿ ಗೊತ್ತಿತ್ತು. ಹೇಗೋ ಬಾಡಿಗೆ ಸಿಗಲಿ, ಆಮೇಲೆ ಸರಿಹೋಗುತ್ತೆ ಅಂತ ಸಾಕ್ಷಿ ಸಹಿ ಹಾಕಿಬಿಟ್ಟಿದ್ದೆ.

"ನನ್ನದು ಕಣೆ," ಎಂದೆ.

ಅವಳು ಕಾಗದವನ್ನು ನನ್ನ ಕಾಲ ಬಳಿ ಬಿಟ್ಟು, ಮುಖ ತಿರುಗಿಸಿ ನಡೆದಳು. ಬೈದಿದ್ದರೆ ಚೆನ್ನಾಗಿತ್ತು. ಈಗ ಅವಳು ಆ ಮನೆ ಬಿಟ್ಟು ಆಸ್ಪತ್ರೆಯ ಆಚೆ ತಗಡಿನ ಮನೆ ಹಿಡಿದಿದ್ದಾಳೆ. ಬಸುರಿಯರು ನನ್ನ ಬಾಗಿಲ ಮುಂದೆಯೇ ಹಾದು ಹೋಗುತ್ತಾರೆ. "ಉಂಡ್ಯಾ?" ಅಂತ ನಾನು ಕೇಳಿದರೆ ತಲೆ ತಗ್ಗಿಸಿ ನಡೆಯುತ್ತಾರೆ, ಯಾರೂ ನಿಲ್ಲುವುದಿಲ್ಲ.