ಕೆಂಪು ಪೆನ್ಸಿಲಿನ ಸಾಲುಗಳು

ಆ ಭಾನುವಾರದ ಸಂಜೆಯ ಬಗ್ಗೆ ನನ್ನಲ್ಲಿ ಮೂರು ನೆನಪುಗಳಿವೆ. ಒಂದರಲ್ಲಿ ನಾನು ಹಸಿರು ಸೀರೆ ಉಟ್ಟಿದ್ದೇನೆ, ಇನ್ನೊಂದರಲ್ಲಿ ಕಂದು ಬಣ್ಣದ್ದು, ಮೂರನೆಯದರಲ್ಲಿ ಬಣ್ಣ ಕಾಣುವಷ್ಟು ಬೆಳಕಿಲ್ಲ. ಮೂರರಲ್ಲೂ ಒಂದೇ ಆಗಿರುವುದು ಇಷ್ಟು: ಮಾಟುಂಗದ ಒಂದು ಸಭಾಂಗಣದ ಬಲಗಡೆಯ ವಿಂಗಿನಲ್ಲಿ, ಕಪ್ಪು ಪರದೆಯ ಹಿಂದೆ, ಮೋಟು ಸ್ಟೂಲಿನ ಮೇಲೆ, ನಟರು ಮರೆತ ಮಾತು ಎತ್ತಿಕೊಡಲು, ನಾಟಕದ ಪ್ರತಿಗೆ ಟಾರ್ಚು ಹಿಡಿದು ಕೂತಿದ್ದೇನೆ. ರಂಗದ ಮೇಲೆ ನನ್ನ ಕಾಕು ಇದ್ದಕ್ಕಿದ್ದಂತೆ ಮಾತು ನಿಲ್ಲಿಸುತ್ತಾಳೆ. ನಾನು ಸಾಲು ಎತ್ತಿಕೊಡುತ್ತೇನೆ. ಅದು ತಪ್ಪು ಸಾಲು. ಪ್ರೇಕ್ಷಕರು ನಗುತ್ತಾರೆ. ಆ ಮೇಲೆ ಕಾಕು ಯಾವತ್ತೂ ನಾಟಕ ಮಾಡಲಿಲ್ಲ.

ಈ ಕೊನೆಯ ವಾಕ್ಯವನ್ನು ಅದರ ಹಿಂದಿನ ವಾಕ್ಯಕ್ಕೆ ಹೊಲಿದವಳು ನಾನೇ. ಇಪ್ಪತ್ತಾರು ವರ್ಷ ಆ ಹೊಲಿಗೆಯನ್ನು ಯಾರೂ ಬಿಚ್ಚಿ ನೋಡಲಿಲ್ಲ, ಏಕೆಂದರೆ ನಾನು ಯಾರಿಗೂ ತೋರಿಸಲಿಲ್ಲ.

ಕಾಕು ಅಂದರೆ ನನ್ನ ತಂದೆಯ ತಮ್ಮನ ಹೆಂಡತಿ. ಹುಟ್ಟಿದ್ದು ವೇಲ್ಸ್‌ನಲ್ಲಿ, ಕಲ್ಲಿದ್ದಲು ಗಣಿಯ ಒಂದು ಊರಿನಲ್ಲಿ. ಧಾರವಾಡದ ನನ್ನ ಕಾಕಾ ಬಟ್ಟೆ ಗಿರಣಿಯ ಯಂತ್ರಗಳ ತರಬೇತಿಗೆಂದು ಆ ದೇಶಕ್ಕೆ ಹೋದಾಗ ಆಕೆ ಊರೂರು ತಿರುಗುವ ನಾಟಕ ಕಂಪನಿಯೊಂದರಲ್ಲಿ ನಟಿ. ಮದುವೆಯಾಗಿ ಸಯನ್‌ನ ನಮ್ಮ ಬಿಲ್ಡಿಂಗಿನ ಎರಡನೆಯ ಮಾಳಿಗೆಗೆ ಬಂದಳು. ರೊಟ್ಟಿ ಬಡಿಯುವುದನ್ನೂ ಕನ್ನಡವನ್ನೂ ನನ್ನ ಅಜ್ಜಿಯಿಂದ ಒಟ್ಟಿಗೇ ಕಲಿತದ್ದರಿಂದ ಆಕೆಯ ಮಾತು ಅಪ್ಪಟ ಧಾರವಾಡದ್ದಾಯಿತು. ಓದಲು, ಬರೆಯಲು ಮಾತ್ರ ಬರಲಿಲ್ಲ. ಕೆಲವು ವರ್ಷ ಕೊಲಾಬಾದ ಕಡೆ ಇಂಗ್ಲಿಷ್ ನಾಟಕಗಳನ್ನು ಮಾಡಿದಳು, ಆಮೇಲೆ ನಮ್ಮವರ ಸಂಘದ ಕನ್ನಡ ನಾಟಕಗಳನ್ನು. ಬಿಳಿ ಹೆಂಗಸಿನ ಬಾಯಲ್ಲಿ ಕನ್ನಡ ಕೇಳಿ ನಗಲೆಂದು ಬಂದವರು ಎರಡನೆಯ ದೃಶ್ಯದ ಹೊತ್ತಿಗೆ ಆಕೆ ಬಿಳಿಯಳೆಂಬುದನ್ನೇ ಮರೆಯುತ್ತಿದ್ದರು.

ಹಾಗೆಂದು ಹಿಂದೊಮ್ಮೆ ಬರೆದಿದ್ದೇನೆ, ಈಗಲೂ ಕೈ ಹಾಗೇ ಬರೆಯಿತು. ಮರೆಯುತ್ತಿದ್ದರೇ? ನಾನು ಕೂತ ಜಾಗದಿಂದ ಪ್ರೇಕ್ಷಕರ ಮುಖ ಕಾಣುತ್ತಿರಲಿಲ್ಲ.

ಹೋದ ವರ್ಷ ಕಾಕು ದಹಿಸರ್‌ನಲ್ಲಿ, ಮಗಳ ಮನೆಯಲ್ಲಿ, ತೀರಿಕೊಂಡಳು. ಕೆಲವು ತಿಂಗಳಿಗೆ ಆಕೆಯ ತವರಿನ ಕಡೆಯ ಒಂದು ಗ್ರಂಥಾಲಯದಿಂದ ಪತ್ರ ಬಂತು. ಅಲ್ಲಿನ ರಂಗಭೂಮಿಯವರ ಕಾಗದಪತ್ರಗಳನ್ನು ಕೂಡಿಡುತ್ತಾರಂತೆ, ಆಕೆಯವೂ ಬೇಕು ಎಂದು. ಜೊತೆಗೊಂದು ಫಾರ್ಮು. ಅದರಲ್ಲಿ ಎರಡು ಕಾಲಮ್ಮು: ವೈಯಕ್ತಿಕ, ವೃತ್ತಿಸಂಬಂಧಿ. ಪ್ರತಿಯೊಂದು ಕಾಗದವೂ ಎರಡರಲ್ಲಿ ಒಂದಕ್ಕೆ ಹೋಗಬೇಕು.

ಕಾಕುನ ಮಗಳು, ನನ್ನ ತಂಗಿ, ಶಾಲೆಯಲ್ಲಿ ಗಣಿತ ಕಲಿಸುತ್ತಾಳೆ. ಕನ್ನಡ ಅರ್ಥವಾಗುತ್ತದೆ, ಓದಲು ಬಾರದು, ಮಾತು ಅರ್ಧ ದಾರಿಯಲ್ಲಿ ಹಿಂದಿಗೆ ಹೊರಳುತ್ತದೆ. ಆಕೆಯ ಫೋನು ಬಂತು.

“ಅಕ್ಕಾ, ಮೂರು ಟ್ರಂಕ್ ಅದಾವ. ಕನ್ನಡಾ ವಾಲಾ ಎಲ್ಲಾ ನೀನs ನೋಡಬೇಕು. ಮುಝೆ ತೋ ಎಲ್ಲಾ ಜಿಲೇಬಿ ಕಾಣಸ್ತದ.”

ಬರುತ್ತೇನೆ ಎಂದೆ. ಫೋನಿಟ್ಟ ಮೇಲೆ ಹೊಳೆಯಿತು: ಆ ಟ್ರಂಕುಗಳ ಒಳಗೆ ಎಲ್ಲೋ ಆ ಭಾನುವಾರವೂ ಇರಬೇಕು.

ಸಂಘದ ನಾಟಕಗಳ ಒಂದು ಪದ್ಧತಿಯನ್ನು ಇಲ್ಲಿ ಹೇಳಬೇಕು. ಸಭಾಂಗಣ ನಮಗೆ ಸಿಗುತ್ತಿದ್ದುದು ಪಾಳಿಯ ಮೇಲೆ; ಎಂಟು ಗಂಟೆಗೆ ಖಾಲಿ ಮಾಡಲೇಬೇಕು. ನಾಟಕಕ್ಕೆ ಮುಂಚೆ ಸಭೆ, ಸ್ವಾಗತ, ಶಾಲು, ಮುಖ್ಯ ಅತಿಥಿಗಳ ಎರಡು ಮಾತು. ಆ ಎರಡು ಮಾತು ಎಷ್ಟು ಹೊತ್ತು ನಡೆಯುವುದೋ ಯಾರಿಗೂ ಗೊತ್ತಿರುತ್ತಿರಲಿಲ್ಲ, ಮತ್ತು ಅತಿಥಿಗಳ ತೋಳು ಹಿಡಿದು ಕೂರಿಸುವ ಧೈರ್ಯ ಯಾರಿಗೂ ಇರಲಿಲ್ಲ. ಅದಕ್ಕೇ ನಮ್ಮ ನಿರ್ದೇಶಕರು ಒಂದೇ ಪ್ರತಿಯಲ್ಲಿ ಎರಡು ನಾಟಕ ಇಡುತ್ತಿದ್ದರು. ಬಿಡಬಹುದಾದ ಮಾತುಗಳ ಸುತ್ತ ಕೆಂಪು ಪೆನ್ಸಿಲಿನ ಗೆರೆ. ಭಾಷಣ ಉದ್ದವಾದರೆ ಪರದೆ ಏಳುವ ಮುಂಚೆ ಎಲ್ಲರಿಗೂ ಹೇಳಿಬರುತ್ತಿದ್ದರು: “ಕೆಂಪು ಇಲ್ರಿ ಇವತ್ತು.” ತಿಂಗಳುಗಟ್ಟಲೆ ಕಲಿತ ಮಾತು ಅಷ್ಟರಲ್ಲೇ ಹಾರಿಹೋಗುತ್ತಿತ್ತು, ಯಾರೂ ಬೇಸರಪಡುತ್ತಿರಲಿಲ್ಲ.

ಆ ಸಂಜೆಯ ಅತಿಥಿಗಳು ಮುಕ್ಕಾಲು ಗಂಟೆ ಮಾತಾಡಿದರು. ನಿರ್ದೇಶಕರು ನನಗೆ ಹೇಳಿದರೇ? ಅವರು ಪರದೆ ಸರಿಸಿ ಬಗ್ಗಿ, ಎಲೆ ಅಡಿಕೆಯ ವಾಸನೆಯ ಬಾಯಲ್ಲಿ “ಕೆಂಪು ಇಲ್ರಿ” ಎಂದದ್ದು ನನಗೆ ನೆನಪಿದೆ. ಅವರು ಬರಲೇ ಇಲ್ಲವೆಂಬುದೂ ನೆನಪಿದೆ. ಮೊದಲನೆಯದು ವರ್ಷ ಕಳೆದಂತೆ ಇನ್ನಷ್ಟು ಸ್ಪಷ್ಟವಾಯಿತು. ಹಾಗೆ ಸ್ಪಷ್ಟವಾಗುತ್ತ ಹೋಗುವ ನೆನಪನ್ನು ನಂಬಬಾರದೆಂದು ಬಲ್ಲೆ. ಆದರೂ ನಂಬಿದ್ದು ಅದನ್ನೇ, ಏಕೆಂದರೆ ಅದರಲ್ಲಿ ತಪ್ಪು ನನ್ನದಾಗಿತ್ತು.

ಮೂರು ಭಾನುವಾರ ದಹಿಸರ್‌ಗೆ ಹೋದೆ. ಟ್ರಂಕಿನ ಕಾಗದಗಳಿಗೆ ಫಾರ್ಮಿನ ಎರಡು ಕಾಲಮ್ಮಿನ ಬಗ್ಗೆ ಏನೂ ಗೊತ್ತಿರಲಿಲ್ಲ. ವೇಲ್ಸ್‌ನ ನಾಟಕವೊಂದರ ಕರಪತ್ರದ ಹಿಂದೆ ಎಣ್ಣೆಗಾಯಿ ಮಾಡುವ ಕ್ರಮ. ಮುಖಕ್ಕೆ ಹಚ್ಚುವ ಬಣ್ಣದ ಕಡ್ಡಿಗಳಿದ್ದ ತಗಡಿನ ಡಬ್ಬಿಯಲ್ಲಿ ಮಗಳ ಮೊದಲ ಹಲ್ಲು. ಕಾಕುನ ತಾಯಿ ಬರೆದ ವೆಲ್ಷ್ ಭಾಷೆಯ ಪತ್ರಗಳ ಕಟ್ಟು, ಅವನ್ನು ಕಟ್ಟಿದ್ದು ಯಾವುದೋ ರಾಣಿ ವೇಷದ ರೇಶಿಮೆ ಸೊಂಟಪಟ್ಟಿಯಿಂದ.

“ಇದು ಪರ್ಸನಲ್ ಕಿ ಪ್ರೊಫೆಷನಲ್?” ತಂಗಿ ಹಲ್ಲನ್ನು ಎತ್ತಿ ಹಿಡಿದು ಕೇಳಿದಳು.

“ನಿನ್ನ ಹಲ್ಲು. ನೀನs ಹೇಳು.”

“ಅಲ್ಲಿ ಹೋಗಿ ನನ್ನ ಹಲ್ಲು ಮ್ಯೂಸಿಯಮ್‌ನಾಗ ಇರತದ ಕ್ಯಾ? ಬ್ಯಾಡವಾ.” ಬಾಯಿಗೆ ಹಾಕಿಕೊಳ್ಳುವವಳಂತೆ ನಟಿಸಿ, ಹಲ್ಲನ್ನು ಕಿಟಕಿಯ ಕಟ್ಟೆಯ ಮೇಲಿಟ್ಟಳು.

ಎರಡನೆಯ ಭಾನುವಾರ ನನ್ನದೇ ಲೇಖನ ಸಿಕ್ಕಿತು. ಕಾಕು ನಾಟಕ ಬಿಟ್ಟ ಮರುವರ್ಷ ಸಂಘದ ಸ್ಮರಣ ಸಂಚಿಕೆಗೆ ಬರೆದದ್ದು. ಮೊಣಕಾಲು ನೋವಿನಿಂದ ಆಕೆ ರಂಗ ಬಿಟ್ಟಳು ಎಂದು ಅದರಲ್ಲಿ ಬರೆದಿದ್ದೆ. ಅದು ಸುಳ್ಳು. ನನ್ನ ತಪ್ಪಿನ ಮೇಲೆ ಹೊದಿಸಲು ಬೇರೆ ಬಟ್ಟೆ ಸಿಕ್ಕಿರಲಿಲ್ಲ. ಆಕೆಗೆ ಓದಲು ಬಾರದೆಂಬ ಧೈರ್ಯವೂ ಇತ್ತು. ಆದರೆ ಯಾರೋ ಓದಿ ಹೇಳಿದ್ದಾರೆ: ಅಂಚಿನಲ್ಲಿ ಆಕೆಯ ಇಂಗ್ಲಿಷ್ ಅಕ್ಷರ, ‘ಮೊಣಕಾಲೇ? ಯಾವುದು?’ ಸಿಟ್ಟಿನಿಂದ ಬರೆದದ್ದೆಂದೇ ನನಗನಿಸಿತು. ತಂಗಿಗೆ ತೋರಿಸದೆ ಕೆಳಗಿಟ್ಟೆ.

ಅದೇ ಕಟ್ಟಿನಲ್ಲಿ ಒಂದು ಫೋಟೋ. ಆ ಭಾನುವಾರದ್ದೇ, ನಾಟಕ ಮುಗಿದ ಮೇಲೆ ಚಹಾ ಕುಡಿಯುವಾಗಿನದು. ಹಿಂದೆ ಆ ನಾಟಕದ ಬಾಗಿಲು, ಕಾಕುನ ಮೈಮೇಲೆ ಆ ನಾಟಕದ ಸೀರೆ. ಪಕ್ಕದಲ್ಲಿ ನಾನು. ಸಲ್ವಾರ್ ಕಮೀಜಿನಲ್ಲಿ. ತುಂಬ ಹೊತ್ತು ನೋಡಿದೆ. ಮೂರು ನೆನಪುಗಳ ಸೀರೆಗಳು ಮೂರೂ ಬಿದ್ದುಹೋದವು. ಸೀರೆಯೇ ಇಲ್ಲವೆಂದ ಮೇಲೆ ಉಳಿದದ್ದಕ್ಕೆ ಏನು ಆಧಾರ? ಆದರೆ ಇಷ್ಟು ಹಗುರಾಗಿ ತಪ್ಪಿಸಿಕೊಳ್ಳುವುದು ಬೇಡ ಎಂದು ನನಗೆ ನಾನೇ ಹೇಳಿಕೊಂಡೆ.

ಮೂರನೆಯ ಭಾನುವಾರ ಕೊನೆಯದು. ಮರುದಿನ ಪೆಟ್ಟಿಗೆಗಳನ್ನು ಒಯ್ಯಲು ಕೊರಿಯರ್‌ನವರು ಬರುವವರಿದ್ದರು. ಮೂರನೆಯ ಟ್ರಂಕಿನ ತಳದಲ್ಲಿ ನಾಟಕದ ಪ್ರತಿ ಸಿಕ್ಕಿತು. ನಾನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ ಅದೇ ಪ್ರತಿ. ಕಳೆದುಹೋಗಿದೆ ಎಂದುಕೊಂಡಿದ್ದೆ, ಸರಿಯಾಗಿ ಹೇಳಬೇಕೆಂದರೆ ಕಳೆದುಹೋಗಲಿ ಎಂದುಕೊಂಡಿದ್ದೆ. ತಂಗಿ ಒಳಗೆ ಚಹಾಕ್ಕೆ ಶುಂಠಿ ಜಜ್ಜುತ್ತಿದ್ದಳು. ನಾನು ಮೂರನೆಯ ದೃಶ್ಯ ತೆಗೆದೆ.

ನಲವತ್ತು ವರ್ಷ ಚಾಳಿನ ಒಂದೇ ಖೋಲಿಯಲ್ಲಿ ಬಾಳಿದ ವಿಧವೆ ಆ ಖೋಲಿ ಬಿಟ್ಟು ಹೋಗುವ ದೃಶ್ಯ ಅದು. ನಾನು ಎತ್ತಿಕೊಟ್ಟ ಸಾಲು ನನಗೆ ಬಾಯಿಪಾಠ: “ಈ ಕೀಲಿ ಯಾರ ಕೈಯಾಗ ಕೊಡ್ಲಿ?” ಅದು ಪುಟದ ಮೇಲುಭಾಗದಲ್ಲೇ ಇತ್ತು. ಅದರ ಸುತ್ತ ಕೆಂಪು ಗೆರೆ, ಬೆರಳು ಮುಟ್ಟಿದರೆ ಪುಡಿ ಹತ್ತುವಷ್ಟು ಒತ್ತಿ ಎಳೆದದ್ದು. ಅನುಮಾನಕ್ಕೆ ಎಡೆಯೇ ಇರಲಿಲ್ಲ. ಬಿಡಬೇಕಾದ ಮಾತನ್ನು ನಾನು ಎರಡು ಸಲ ಕೂಗಿ ಕೊಟ್ಟಿದ್ದೆ.

ಪ್ರತಿಯನ್ನು ನನ್ನ ಬ್ಯಾಗಿಗೆ ಹಾಕಿಕೊಂಡೆ. ಇದನ್ನು ಇಲ್ಲಿ ಬರೆಯದಿದ್ದರೂ ನಡೆಯುತ್ತಿತ್ತು.

ಅದರ ಕೆಳಗೆ ಒಂದು ದಪ್ಪ ನೋಟ್‌ಬುಕ್ ಇತ್ತು. ಎಳೆಯ ವಯಸ್ಸಿನಲ್ಲಿ ತಿರುಗಾಟದ ಕಂಪನಿಯಲ್ಲಿ ಕಲಿತ ಅಭ್ಯಾಸ: ಪ್ರತಿ ಪ್ರಯೋಗವಾದ ಮೇಲೆ ವರದಿ. ಪರದೆ ಎದ್ದ ಹೊತ್ತು, ಬಿದ್ದ ಹೊತ್ತು, ಜನ ಹೇಗಿದ್ದರು, ಏನು ಕೆಟ್ಟಿತು. ಆ ಕಂಪನಿ ಬಿಟ್ಟು ಬಂದ ಮೇಲೂ ಆಕೆ ಮಾಟುಂಗದ ಪ್ರತಿಯೊಂದು ನಾಟಕಕ್ಕೂ ಇದನ್ನು ಬರೆದಿದ್ದಾಳೆ. ಆ ಭಾನುವಾರದ ವರದಿಯೂ ಅಲ್ಲಿ ಇರುತ್ತದೆಂದು ತಿಳಿಯುತ್ತಲೇ ನೋಟ್‌ಬುಕ್ಕನ್ನು ಮುಚ್ಚಿದೆ. ಕೊರಿಯರ್‌ನವರು ಬಂದ ಮೇಲೆ ಇದನ್ನು ಓದುವವರು ಯಾರೋ, ನನ್ನ ಹೆಸರೂ ಗೊತ್ತಿಲ್ಲದವರು. ಅವರಿಗಿಂತ ಮುಂಚೆ ನಾನು ಓದುವುದೇ ಮೇಲು ಎನಿಸಿ ಮತ್ತೆ ತೆರೆದೆ. ಕೊನೆಯ ವರದಿ ಇಂಗ್ಲಿಷಿನಲ್ಲಿ ಹೀಗಿತ್ತು. ಕನ್ನಡಕ್ಕೆ ತಂದವಳು ನಾನು, ಅಷ್ಟರ ಮಟ್ಟಿಗೆ ನನ್ನ ಕೈವಾಡವನ್ನು ಲೆಕ್ಕಕ್ಕೆ ಹಿಡಿಯಿರಿ.

‘ಭಾಷಣ ನಲವತ್ತೈದು ನಿಮಿಷ. ಕೆಂಪು ಇಲ್ಲ. ಮೂರನೆಯ ದೃಶ್ಯ: ಕೀಲಿಯ ಮಾತು ಹೋದದ್ದರಿಂದ ಬಾಗಿಲ ಮುಂದೆ ಸುಮ್ಮನೆ ನಿಂತೆ, ನನಗೆ ಬೇಕಾದಷ್ಟು ಹೊತ್ತು. ವಿಂಗಿನಿಂದ ಎರಡು ಸಲ ಸಾಲು ಬಂತು. ಮೆಲ್ಲಗೆ, ಹೊರಗೆ ಕೇಳಿಸಿಲ್ಲ. ಕೆಂಪು ಇಲ್ಲವೆಂದು ಹುಡುಗಿಗೆ ಹೇಳುವುದನ್ನೇ ಮರೆತಿದ್ದಾರೆ. ನಿರ್ದೇಶಕರಿಗೆ ಹೇಳಿದೆ. ಜನ ನಿಶ್ಶಬ್ದ. ಇಲ್ಲಿ ಕೇಳಿದ್ದರಲ್ಲೇ ಒಳ್ಳೆಯ ನಿಶ್ಶಬ್ದ. ಪರದೆ ಬಿದ್ದದ್ದು ಏಳು ಐವತ್ತಕ್ಕೆ. ಕೊನೆಯದು. ಗುರುವಾರವೇ ಅವರಿಗೆ ತಿಳಿಸಿದ್ದೆ.’

ನಿಶ್ಶಬ್ದ. ಇಪ್ಪತ್ತಾರು ವರ್ಷ ನಾನು ಕೇಳುತ್ತ ಬಂದ ನಗು ಅಲ್ಲಿ ಇರಲೇ ಇಲ್ಲ. ಆಕೆ ಮರೆತಿರಲಿಲ್ಲ, ನಿಂತಿದ್ದಳು. ಬಿಡುವ ನಿರ್ಧಾರ ಗುರುವಾರದ್ದು, ನನ್ನ ಸಾಲು ಭಾನುವಾರದ್ದು.

ಇದನ್ನೂ ನಂಬಬೇಕಾಗಿಲ್ಲ ಎಂದು ನನ್ನೊಳಗಿನ ಜಿಗುಟು ಬುದ್ಧಿ ಕೂಡಲೇ ಹೇಳಿತು. ವರದಿಯೂ ಆಕೆಯ ಕಡೆಯ ಮಾತಷ್ಟೇ. ರಂಗದ ಮೇಲಿದ್ದವಳಿಗೆ ಮುಂದಿನ ಕುರ್ಚಿಗಳ ಸಣ್ಣ ನಗು ಕೇಳಿಸದಿರಬಹುದು. ಆದರೆ ಅಷ್ಟರಲ್ಲಿ ಮೈ ಅದನ್ನು ನಂಬಿಯಾಗಿತ್ತು. ಹೆಗಲು ಕೆಳಗಿಳಿದಿತ್ತು. ನೆಲದ ಮೇಲೆ ಕಾಲು ಚಾಚಿ, ಕಪಾಟಿಗೆ ಒರಗಿ ಕೂತಿದ್ದೆ.

ತಂಗಿ ಚಹಾ ತಂದಳು. “ಏನಾತ ಅಕ್ಕಾ? ರೋತಿ ಹೈ ಕ್ಯಾ?”

ಅಳುತ್ತಿರಲಿಲ್ಲ, ಅಥವಾ ಸ್ವಲ್ಪ. ಎಲ್ಲವನ್ನೂ ಹೇಳಿದೆ: ಟಾರ್ಚು, ಕೀಲಿಯ ಸಾಲು, ಮೊಣಕಾಲಿನ ಸುಳ್ಳು. ಆಕೆ ಬಿಸ್ಕೀಟು ಅದ್ದುತ್ತ ಕೇಳಿ ಮುಗಿಸಿದಳು.

“ಅದs ಏನು? ಮಮ್ಮಿ ನನಗ ದಸ್ ಬಾರ್ ಹೇಳ್ಯಾಳ. ನಿರ್ದೇಶಕ ಅಂಕಲ್‌ಗ ಹೆಂಗ ಬೈದ್ಲು ಅಂತ, ಪೂರಾ ಆ್ಯಕ್ಟಿಂಗ್ ಮಾಡಿ.”

“ನನಗ್ಯಾಕ ಹೇಳ್ಲಿಲ್ಲ?”

“ನೀ ಕೇಳ್ಲಿಲ್ಲ. ನೀ ಮೊಣಕಾಲು ಅಂತ ಬರದಿ. ಪಪ್ಪಾ ಓದಿ ಹೇಳಿದ್ದs ತಡ, ಮಮ್ಮಿ ಎರಡು ದಿನಾ ಮನ್ಯಾಗ ಕುಂಟಿದ್ಲು. ಒಂದ ದಿನಾ ಈ ಕಾಲು, ಇನ್ನೊಂದ ದಿನಾ ಆ ಕಾಲು.”

ನಕ್ಕು ಚಹಾ ಚೆಲ್ಲಿಕೊಂಡೆ. ಆ ಅಂಚಿನ ಬರಹ ಆಗ ಬೇರೆ ದನಿಯಲ್ಲಿ ಕೇಳಿಸಿತು.

“ಮತ್ತ ಬಿಟ್ಟದ್ದ್ಯಾಕ?”

“ಸಂಡೇ ಬೇಕು ಅಂದ್ಲು. ಬಸ್. ಇಷ್ಟು ವರ್ಷದ ಸಂಡೇ ಎಲ್ಲಾ ರಿಹರ್ಸಲ್‌ನಾಗ ಹೋತು, ಇನ್ನ ನಾ ಮಲಗಾಕಿ ಅಂತ.”

ಇಷ್ಟು ಸರಳ ಕಾರಣವನ್ನು ನಾನಾಗಿದ್ದರೆ ಕಥೆಯೊಳಗೆ ಸೇರಿಸುತ್ತಿರಲಿಲ್ಲ. ಆ ಸಂಜೆಯ ಮುಂದಿನ ಭಾನುವಾರ ಮಧ್ಯಾಹ್ನ ಕ್ಷಮೆ ಕೇಳಲು ಎರಡನೆಯ ಮಾಳಿಗೆಗೆ ಹೋಗಿ, ಬಾಗಿಲು ತಟ್ಟಿ, ಯಾರೂ ತೆರೆಯದೆ ತಿರುಗಿ ಬಂದದ್ದು ಈಗ ನೆನಪಾಗುತ್ತಿದೆ. ಆಕೆ ಬೇಕೆಂದೇ ತೆರೆಯಲಿಲ್ಲ ಎಂದುಕೊಂಡಿದ್ದೆ. ಮಲಗಿದ್ದಿರಬೇಕು. ಅಥವಾ ಈ ನೆನಪು ಇವತ್ತೇ ಹುಟ್ಟಿದ್ದೋ ಏನೋ. ಹುಟ್ಟಿದ್ದರೂ ಇರಲಿ.

ಬ್ಯಾಗಿನಿಂದ ಪ್ರತಿಯನ್ನು ತೆಗೆದು ತಂಗಿಯ ಮುಂದಿಟ್ಟೆ. ಅದು ನನ್ನ ಬ್ಯಾಗಿಗೆ ಹೇಗೆ ಹೋಯಿತೆಂದು ಆಕೆ ಕೇಳಲಿಲ್ಲ; ಫಾರ್ಮು ಎಳೆದುಕೊಂಡು ಪೆನ್ನು ಬಿಚ್ಚಿದಳು.

“ಪರ್ಸನಲ್ ಕಿ ಪ್ರೊಫೆಷನಲ್?”

“ಪ್ರೊಫೆಷನಲ್,” ಎಂದೆ. ಇಷ್ಟು ವರ್ಷ ನಾನು ಅದನ್ನು ಇನ್ನೊಂದು ಕಾಲಮ್ಮಿನಲ್ಲಿ ಇಟ್ಟುಕೊಂಡಿದ್ದೆ.

“ಡಿಸ್ಕ್ರಿಪ್ಶನ್ ಏನ ಬರೀಲಿ?”

“ನಾಟಕದ ಪ್ರತಿ. ಕೆಂಪು ಗೆರೆಯೊಳಗಿನ ಮಾತು ಆ ದಿನ ಇರಲಿಲ್ಲ, ಅದು ಪ್ರತಿ ಹಿಡಿದು ಕೂತಾಕಿಗೆ ಗೊತ್ತಿರಲಿಲ್ಲ, ಯಾಕಂದರ ಆಕಿಗೆ ಯಾರೂ ಹೇಳಿರಲಿಲ್ಲ...”

“ಅಕ್ಕಾ, ಒಂದs ಲೈನ್ ಜಾಗಾ ಅದ.”

“ಹಂಗಾದ್ರ ಪ್ರತಿ ಅಂತ ಬರಿ, ಕೆಂಪು ಗುರುತು ಅದಾವ ಅಂತ ಬರಿ. ಉಳಿದದ್ದು ಬಿಡು.”

ಆಕೆ ಅಷ್ಟೇ ಬರೆದಳು.