ಕಮಾನಿಗೆ ಹಚ್ಚಿದ ಸಾಬೂನು

ಪಿಟೀಲಕ್ಕನಿಗೆ ಬೆಳಿಗ್ಗೆ ಸೂಟುಬೂಟಿನವರ ಎದುರು ನುಡಿಸಿ, ಮಧ್ಯಾಹ್ನ ಅದೇ ಚಪ್ಪಲಿಯಲ್ಲಿ ಶಾಲೆಯ ಅಂಗಳದಲ್ಲಿ ನುಡಿಸುವುದು ಹೊಸದಲ್ಲ. ಕರೆದಲ್ಲಿಗೆ ಹೋಗುವುದೇ ಹೊಟ್ಟೆಪಾಡು. ಆದರೆ ಆ ದಿನದ್ದನ್ನು ನೆನೆದರೆ ಅವಳ ಮೈ ಈಗಲೂ ಉರಿಯುತ್ತದೆ.

ದೊಡ್ಡ ಹೋಟೆಲಿನಲ್ಲಿ ಯಾವುದೋ ಕಂಪನಿಯ ಸಮಾರಂಭ. ಗಾಜಿನ ಗೋಡೆಯ ಪಕ್ಕ ಅವಳಿಗೊಂದು ಬಿಳಿ ಕುರ್ಚಿ. ಅವಳು ಮುಖ ತೊಳೆದು ಬರುವಷ್ಟರಲ್ಲಿ ಅಲ್ಲಿನ ಮೇನೇಜರು ಪಿಟೀಲಿನ ಕಮಾನು ಹಿಡಿದು, ಅದರ ಕೂದಲಿಗೆ ಸಾಬೂನು ಉಜ್ಜುತ್ತಿದ್ದ.

"ಅಯ್ಯೋ, ಏನ್ರೀ ಮಾಡ್ತಿದ್ದೀರಾ?"

"ಗಾಬರಿಯಾಗ್ಬೇಡಿ ಮೇಡಂ. ಸಂಗೀತ ರೆಕಾರ್ಡಿಂಗಲ್ಲಿ ಬರುತ್ತೆ. ನೀವು ಸುಮ್ನೆ ಕೈ ಆಡಿಸಿ. ಸಾಬೂನು ಹಚ್ಚಿದ್ರೆ ತಂತಿ ಸದ್ದು ಮಾಡಲ್ಲ."

"ನನ್ನನ್ನೊಂದು ಮಾತು ಕೇಳ್ಬೇಕು ಅಂತ ಅನ್ನಿಸ್ಲಿಲ್ವಾ?"

"ಕೇಳೋದೇನಿದೆ? ಸ್ವಲ್ಪ ನಗ್ತಾ ಇರಿ, ಸಾಕು."

ಜನ ಒಳಗೆ ಬರತೊಡಗಿದ್ದರು. ಹಲ್ಲು ಕಚ್ಚಿಕೊಂಡು ಕೂತಳು. ಯಾರದೋ ಸಂಗೀತಕ್ಕೆ ಅವಳ ಕೈ ಆಡಿತು. ಕೊನೆಗೆ ಹಿರಿಯರೊಬ್ಬರು ಹತ್ತಿರ ಬಂದು, "ಎಂಥಾ ನಾದ ತಾಯಿ ನಿಮ್ಮದು!" ಎಂದರು. ಕೆನ್ನೆಗೆ ಬಾರಿಸಿದಂತಾಯಿತು.

ಅಲ್ಲಿಂದ ನೇರ ಆಸ್ಪತ್ರೆಯ ಹಿಂದಿನ ಬಟ್ಟೆ ತೊಳೆಯುವ ಕೋಣೆಗೆ ಹೋಗಬೇಕಿತ್ತು. ಒಡಹುಟ್ಟಿದ ಅಕ್ಕನಿಗೆ ಅಲ್ಲಿ ಕೆಲಸದ ಕೊನೆಯ ದಿನ. ತಂಗಿಯ ಕಛೇರಿಗಳಿದ್ದಾಗಲೆಲ್ಲ ಅಕ್ಕನಿಗೆ ಪಾಳಿ. ಒಂದು ದಿನವೂ ಕೂತು ಕೇಳಿದವಳಲ್ಲ. "ಆವತ್ತು ತಪ್ಪಿಸ್ಬೇಡ ಕಣೇ ಪುಟ್ಟಿ, ನೀನು ನುಡಿಸ್ತೀಯ ಅಂತ ಎಲ್ರಿಗೂ ಹೇಳಿಟ್ಟಿದೀನಿ" ಎಂದಿದ್ದಳು.

ಯಂತ್ರಗಳನ್ನೆಲ್ಲ ನಿಲ್ಲಿಸಿ, ಮಡಿಸಿದ ಹಾಸಿಗೆಬಟ್ಟೆಗಳ ನಡುವೆ ಹೆಂಗಸರು ಕಾದು ಕೂತಿದ್ದರು. ಪಿಟೀಲಕ್ಕ ಕಮಾನೆಳೆದಳು. ಜಾರಿತು. ಒರೆಸಿ, ಹಿಡಿತ ಬರಲೆಂದು ರಾಳ ತಿಕ್ಕಿ ಮತ್ತೆ ಎಳೆದಳು. ಉಬ್ಬಸದವರ ಉಸಿರಿನಂಥ ಸದ್ದು, ಅಷ್ಟೇ.

"ಏನಕ್ಕಾ, ನಿಮ್ ತಂಗಿ ಪಿಟೀಲಿಗೂ ಇವತ್ತೇ ರಿಟೈರ್ಮೆಂಟಾ?" ಎಂದಳು ಇಸ್ತ್ರಿಯವಳು. ಎಲ್ಲರೂ ಗೊಳ್ಳೆಂದು ನಕ್ಕರು. ಅಕ್ಕ ನಗಲಿಲ್ಲ.

"ಏನಾಯ್ತೇ?"

ಪಿಟೀಲಕ್ಕ ನಡೆದದ್ದನ್ನೆಲ್ಲ ಹೇಳಿದಳು. ನಗು ನಿಂತಿತು.

"ಅವನ ಕೈಗಿಷ್ಟು ಬೆಂಕಿ ಹಾಕ!" ಎಂದಳು ಇಸ್ತ್ರಿಯವಳು.

ಅಕ್ಕ ಮೆಲ್ಲಗೆ, "ನೀನ್ಯಾಕೆ ಎದ್ದು ಬರ್ಲಿಲ್ಲ?" ಎಂದಳು.

ಅಷ್ಟರಲ್ಲಿ ಫೋನು ಬಡಿದುಕೊಂಡಿತು. ಅದೇ ಮೇನೇಜರು. "ಮೇಡಂ, ಎಲ್ರಿಗೂ ನೀವು ಬಹಳ ಹಿಡಿಸಿದ್ರಿ. ಮುಂದಿನ ವಾರ ಇನ್ನೂ ದೊಡ್ಡ ಪ್ರೋಗ್ರಾಮಿದೆ."

"ನಿಮಗೆ ಬೇಕಾಗಿರೋದು ನಾನಲ್ಲ ಕಣ್ರೀ, ಗೊಂಬೆ. ಬಟ್ಟೆ ಅಂಗಡಿ ಬಾಗ್ಲಲ್ಲಿ ನಿಂತಿರುತ್ತೆ, ಎತ್ಕೊಂಡು ಹೋಗಿ. ನಗ್ತಾನೂ ಇರುತ್ತೆ."

ಫೋನಿಟ್ಟಳು. ಕಮಾನನ್ನು ಪೆಟ್ಟಿಗೆಯೊಳಗೆ ಹಾಕಿ, ಪಿಟೀಲನ್ನು ಮಡಿಲಿಗೆಳೆದುಕೊಂಡು ಬೆರಳಿನಿಂದಲೇ ತಂತಿ ಮೀಟತೊಡಗಿದಳು. ಸದ್ದು ಸಣ್ಣದು. ಹೆಂಗಸರು ಒಬ್ಬೊಬ್ಬರಾಗಿ ಹತ್ತಿರ ಸರಿದರು. ಯಂತ್ರಗಳ ಗದ್ದಲಕ್ಕೆ ಕಿವಿ ಮಂದವಾಗಿದ್ದ ಅಕ್ಕ ಎಲ್ಲರನ್ನೂ ಸರಿಸಿಕೊಂಡು ಬಂದು, ಪಿಟೀಲಿನ ಮರಕ್ಕೆ ತಾಗುವಂತೆ ತಲೆ ಬಾಗಿಸಿದಳು.

"ಇನ್ನೂ ಸ್ವಲ್ಪ ಜೋರಾಗಿ, ಪುಟ್ಟಿ."

ಸಿಟ್ಟಿನ್ನೂ ಇಳಿದಿರಲಿಲ್ಲ. ಬೆರಳ ತುದಿ ಉರಿಯುವಂತೆ ಮೀಟಿದಳು.

"ಹ್ಞಾ," ಎಂದಳು ಅಕ್ಕ, "ಈಗ ಕೇಳಿಸ್ತು."