ಚಕ್ರಕ್ಕೆ ಕೊಡುವ ಕಲ್ಲು

ಇವತ್ತು ನಸುಕಿನಲ್ಲಿ ಎದ್ದು ನಾಲ್ಕು ಬಿಂದಿಗೆ ನೀರು ಹಿಡಿದೆ. ಕರಣೆ ತೊಳೆದೆ. ಚಪ್ಪಲಿಗೆ ಮೊಳೆ ಹೊಡೆದೆ. ಮಿಷನ್ನಿಗೆ ಹೋಗಿ ರಾಗಿ ಬೀಸಿಸಿಕೊಂಡು ಬಂದೆ. ನನ್ನ ಹೆಂಡತಿ ತಿಮ್ಮಕ್ಕನ ಕೆಂಪು ಬಟ್ಟೆ ಒಗೆದು ಹರವಿದೆ. ಆ ಬಟ್ಟೆಯ ವಿಷಯ ಊರಿನವರಿಗೆ ಹೇಳಬೇಕು.

ಹಿರಿಯೂರು ಕಡೆಯಿಂದ ನಾವಿಬ್ಬರೂ ಗಾರೆ ಕೆಲಸಕ್ಕೆಂದು ಈ ಚಿನ್ನದ ಗಣಿಯ ಊರಿಗೆ ಬಂದ ಮೂರನೇ ದಿನದ ಮಾತಿದು, ತಿಂಗಳುಗಳೇ ಆದವು. ಇಲ್ಲಿನ ಚಾಂಪಿಯನ್ ರೀಫ್ಸ್ ಎಂಬ ಕಡೆ ಹೊಸ ಮನೆಗಳ ಸಾಲು ಏಳುತ್ತಿತ್ತು. ಜಲ್ಲಿ ಲಾರಿ ಇಳಿಜಾರಿನಲ್ಲಿ ಹಿಂದಕ್ಕೆ ಬರುತ್ತಿತ್ತು. ತಿಮ್ಮಕ್ಕ ತಲೆಯ ಮೇಲಿನ ಬಾಂಡ್ಲಿ ಇಳಿಸಿ, ಒಂದು ಕಲ್ಲು ಹಿಡಿದು ಓಡಿ, ಲಾರಿಯ ಹಿಂದೆ ಚಕ್ರದ ಬಳಿ ಕೂತೇಬಿಟ್ಟಳು. ನಮ್ಮಲ್ಲಿ ಎತ್ತಿನ ಗಾಡಿ ಹಿಂದೆ ಸರಿದರೆ ಯಾರಾದರೂ ಚಕ್ರಕ್ಕೆ ಅಡ್ಡ ಕಲ್ಲು ಕೊಡಲೇಬೇಕಲ್ಲ!

"ಪಿನ್ನಾಡಿ ನಿಕ್ಕಾದೇ!"

ಹಿಂದೆ ನಿಲ್ಲಬೇಡ ಎಂದು ತಮಿಳಿನಲ್ಲಿ ಕೂಗಿದವಳು ಕನ್ನಿಯಮ್ಮ, ಲಾರಿಗಳಿಗೆ ಬಟ್ಟೆ ತೋರಿಸುವವಳು. ಅವಳ ಹಸಿರು ಬಟ್ಟೆ ಕಾಣುವವರೆಗೆ ಮಾತ್ರ ಡ್ರೈವರು ಹಿಂದೆ ಬರಬೇಕು. ಕೆಂಪು ಕಂಡರೂ ನಿಲ್ಲಬೇಕು, ಅವಳೇ ಕಾಣದಿದ್ದರೂ ನಿಲ್ಲಬೇಕು. ಅವಳು ಕೆಂಪು ಎತ್ತಿದಳು. ಲಾರಿ ನಿಂತಾಗ ತಿಮ್ಮಕ್ಕನಿಗೂ ಚಕ್ರಕ್ಕೂ ಒಂದು ಗೇಣು.

"ಏನಕ್ಕಾ, ಸಾಯೋಕೆ ಇಷ್ಟು ದೂರ ಬರಬೇಕಾ? ನಿಮ್ಮೂರಲ್ಲಿ ಬಾವಿ ಇಲ್ವಾ?" ಕನ್ನಿಯಮ್ಮ ಈಗ ಕನ್ನಡದಲ್ಲೇ ಗದರಿದಳು.

ತಿಮ್ಮಕ್ಕ ಕಲ್ಲು ಹಿಡಿದೇ ನನ್ನ ಬಳಿ ಬಂದಳು. "ನಡೀರಿ, ಊರಿಗೆ ಹೋಗಾಣ. ಒಳ್ಳೇದು ಮಾಡಾಕೆ ಹೋದ್ರೂ ಬೈತಾರೆ" ಎಂದಳು. ನಾನೂ ಗಂಟು ಕಟ್ಟುವ ಮನಸ್ಸು ಮಾಡಿದ್ದೆ.

ಆದರೆ ಕನ್ನಿಯಮ್ಮ ಬಿಡಲಿಲ್ಲ. ಎಂಜಿನ್ನು ನಿಲ್ಲಿಸಲು ಹೇಳಿ, ಡ್ರೈವರನ್ನು ಇಳಿಸಿ, ಅವನ ಜಾಗದಲ್ಲಿ ತಿಮ್ಮಕ್ಕನನ್ನು ಕೂರಿಸಿದಳು. ನನ್ನನ್ನು ಲಾರಿಯ ಹಿಂದೆ ನಿಲ್ಲಿಸಿದಳು.

"ಕನ್ನಡೀಲಿ ನೋಡಕ್ಕಾ. ಗಂಡ ಕಾಣ್ತಾನಾ?"

ತಿಮ್ಮಕ್ಕ ಎರಡೂ ಕಡೆಯ ಕನ್ನಡಿ ನೋಡಿದಳು. ಆಮೇಲೆ ಒಳಗಿಂದ ಸಣ್ಣ ದನಿ: "ಇಲ್ಲ ಕಣವ್ವಾ. ಅವರಿಲ್ಲ."

ಊರಿಗೆ ಹೋಗುವ ಮಾತು ಅಲ್ಲಿಗೆ ನಿಂತಿತು.

ಕನ್ನಿಯಮ್ಮನ ಗಂಡ ಬಂಗಾರಪೇಟೆ ದಾರಿಯಲ್ಲಿ ರೈಲ್ವೆ ಗೇಟು ಕಾಯುತ್ತಿದ್ದವನಂತೆ. ಬಟ್ಟೆ ತೋರಿಸುವುದನ್ನು ಅವನಿಂದ ಕಲಿತು ಇಲ್ಲಿಗೆ ತಂದವಳು ಇವಳು. ನಡೆಯುವವರ ದಾರಿಗೆ ಸುಣ್ಣ ಬಳಿದ ಕಲ್ಲು ಇಡಿಸಿದವಳೂ ಇವಳೇ. ಮೇಸ್ತ್ರಿಯೇ ಆ ಗೆರೆ ದಾಟಿದರೂ "ಓರಂ, ಓರಂ", ಅಂದರೆ ಪಕ್ಕಕ್ಕೆ, ಎಂದು ಗದರುತ್ತಾಳೆ. ಓದು ಬಾರದ ಆ ಹೆಂಗಸು ಬೆಳಿಗ್ಗೆ ಎಷ್ಟು ಜನರನ್ನು ಒಳಗೆ ಬಿಟ್ಟಳೋ ಸಂಜೆ ಅಷ್ಟೂ ಜನರನ್ನು ಮನೆಗೆ ಕಳಿಸುತ್ತಾಳೆ. ತಿಮ್ಮಕ್ಕ ಅವಳ ಪಕ್ಕದಲ್ಲೇ ನಿಂತು ಆ ಕೆಲಸ ಕಲಿತಳು.

ಹೋದ ತಿಂಗಳು ಊರಿಗೆ ಹೋಗಿದ್ದೆವು, ಆಗ ಮಾವನ ಗಾಡಿ ದಿಣ್ಣೆಯಲ್ಲಿ ಹಿಂದೆ ಸರಿಯಿತು. ಮಾವ ಕಲ್ಲಿಗೆ ಕೈ ಚಾಚಿದರೆ, ತಿಮ್ಮಕ್ಕ ಎತ್ತುಗಳ ಮುಂದೆ ನಿಂತು ಸೆರಗು ಬೀಸುತ್ತ "ಓರಂ! ಓರಂ!" ಎಂದಳು.

"ನಮ್ಮೆತ್ತಿಗೆ ಕನ್ನಡಿ ಇಲ್ಲ ಕಣವ್ವಾ, ಮೊದ್ಲು ಕಲ್ಲು ಕೊಡು!" ಎಂದರು ಮಾವ. ಎಲ್ಲರೂ ನಕ್ಕರು. ಅವಳು ನಗಲಿಲ್ಲ. ಊರಲ್ಲಿ ಕಲ್ಲು ಕೊಡದಿದ್ದರೆ ತಪ್ಪು, ಇಲ್ಲಿ ಕೊಟ್ಟರೆ ತಪ್ಪು. ಈಗ ಅವಳ ಕೈಗೆ ಎರಡೂ ಗೊತ್ತು.

ಇವತ್ತು ಮೊದಲ ಸಲ ಅವಳೊಬ್ಬಳೇ ಕೆಲಸದ ಜಾಗದ ಕೆಳಗಿನ ಗೇಟಿನಲ್ಲಿ ಬಟ್ಟೆ ಹಿಡಿದು ನಿಂತಳು. ಕಟ್ಟುತ್ತಿದ್ದ ಗೋಡೆಯ ಮೇಲಿಂದ ನಾನು ಲಾರಿಗಳನ್ನು ನೋಡಲಿಲ್ಲ, ಅವಳ ಬಟ್ಟೆಯನ್ನೇ ನೋಡಿದೆ. ಸಂಜೆ ಎಲ್ಲರೂ ನಡೆದುಕೊಂಡೇ ಹೊರಗೆ ಬಂದರು.

ರಾತ್ರಿ ಮುದ್ದೆ, ಹುರುಳಿ ಸಾರು, ಕನ್ನಿಯಮ್ಮ ಕಳಿಸಿದ ಒಣಮೀನು. ಮೂರನೇ ದಿನ ಲಾರಿಗೆ ಕೊಡಲು ಹೋಗಿ ಮನೆಗೆ ತಂದಿಟ್ಟಿದ್ದ ಆ ಕಲ್ಲನ್ನು ಬಾಗಿಲಿಗೆ ಒತ್ತಾಗಿ ಇಟ್ಟು ತಿಮ್ಮಕ್ಕನೇ ಮೊದಲು ಮಲಗಿದಳು.